ಮಲ್ಪೆಯ ಮೀನಿನ ಲೆಕ್ಕದಲ್ಲಿ ಮೈಎಸ್‌ಕ್ಯೂಎಲ್ ಸೆಷನ್ ವೇರಿಯೇಬಲ್: ಬಳಸಿ ನೋಡಿದವಳ ವಿಮರ್ಶೆ

ಮೈಎಸ್‌ಕ್ಯೂಎಲ್ ಡೇಟಾಬೇಸಿನ ಸೆಷನ್ ವೇರಿಯೇಬಲ್‌ಗಳಿಗೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಸೆಷನ್ ವೇರಿಯೇಬಲ್ ಎಂದರೆ ಡೇಟಾಬೇಸಿನ ಜೊತೆಗಿನ ಒಂದು ಸಂಪರ್ಕ (ಸೆಷನ್) ಇರುವಷ್ಟು ಕಾಲ ಮಾತ್ರ ಉಳಿಯುವ ಬೆಲೆ, ಅಂದರೆ ವ್ಯಾಲ್ಯೂ. ಸಂಪರ್ಕದ ಸೆಟ್ಟಿಂಗ್ ಬದಲಿಸುವುದಕ್ಕೆ ಪೂರ್ತಿ ಐದು, ಯಾರು ಏನು ತಿದ್ದಿದರು ಎಂದು ಗುರುತಿಡುವುದಕ್ಕೆ ಮೂರು, ಲೆಕ್ಕ ಕೂಡಿಸುತ್ತ ಹೋಗುವುದಕ್ಕೆ ಸೊನ್ನೆ. ಸರಾಸರಿ ತಾಳೆಯಾಗುವುದಿಲ್ಲ ಎಂದು ಯಾರೂ ತಗಾದೆ ತೆಗೆಯಬೇಡಿ. ಅಂಕ ಕೊಡುವವಳು ನಾನು, ಸೊನ್ನೆ ಬಂದ ವಿಷಯಕ್ಕೆ ಪರೀಕ್ಷೆಗೆ ಕೂರಲೇಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಲ್ಪೆ ಬಂದರಿನ ಒಂದು ಮೀನು ಕಮಿಷನ್ ವ್ಯಾಪಾರದ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವುದು. ಪ್ರತಿ ಬೋಟಿಗೂ ಒಂದು ಖಾತೆ. ಡೀಸೆಲ್, ಐಸ್, ಮಾಲೀಕರು ಪಡೆದ ಮುಂಗಡ ಒಂದು ಕಡೆ. ಹರಾಜಿನಲ್ಲಿ ಹೋದ ಬಂಗುಡೆ, ಬೂತಾಯಿ, ಅಂಜಲ್, ಬೊಂಡಾಸ್ ಇನ್ನೊಂದು ಕಡೆ. ತಂತ್ರಾಂಶವನ್ನು ಮೊದಲು ಬರೆದವರು ಹೊರಗಿನ ಗುತ್ತಿಗೆದಾರರು. ಅವರು ಬಿಟ್ಟುಹೋದ ಮೈಎಸ್‌ಕ್ಯೂಎಲ್ 5.7 ಆವೃತ್ತಿಯನ್ನು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ 8.0ಕ್ಕೆ ಏರಿಸಿದೆವು. ಬೋಟುಗಳು ದಡದಲ್ಲಿ ಕಟ್ಟಿಕೊಂಡಿರುವಾಗ ಮಾತ್ರ ನಮ್ಮ ಸರ್ವರನ್ನು ಧೈರ್ಯವಾಗಿ ನಿಲ್ಲಿಸಬಹುದು. 5.7ಕ್ಕೆ ಬೆಂಬಲ 2023ರ ಅಕ್ಟೋಬರಿಗೇ ಮುಗಿದಿತ್ತು, ಹಾಗಾಗಿ ಆಯ್ಕೆಯೂ ಇರಲಿಲ್ಲ.

ಹೊಸಬರಿಗಾಗಿ ಎರಡು ಮಾತು. ಇಲ್ಲಿ ಎರಡು ಜಾತಿಗಳಿವೆ. ಹೆಸರಿನ ಮುಂದೆ ಒಂದು @ ಇದ್ದರೆ ಅದು ನಾವೇ ಇಟ್ಟುಕೊಂಡ ವೇರಿಯೇಬಲ್. ಘೋಷಣೆ ಬೇಡ, ವಿಧ ಹೇಳಬೇಕಾಗಿಲ್ಲ, ಬೆಲೆ ಕೊಡದೆ ಓದಿದರೆ ‘ನಲ್’, ಅಂದರೆ ಏನೂ ಇಲ್ಲ ಎಂಬ ಗುರುತು, ಬರುತ್ತದೆ. ಎರಡು @@ ಇದ್ದರೆ ಅದು ಸರ್ವರಿನ ಸ್ವಂತ ಸೆಟ್ಟಿಂಗ್. ಅದಕ್ಕೆ ಎಲ್ಲರಿಗೂ ಅನ್ವಯಿಸುವ ಗ್ಲೋಬಲ್ ಬೆಲೆಯೊಂದು, ನಮ್ಮ ಸಂಪರ್ಕಕ್ಕಷ್ಟೇ ಸೀಮಿತವಾದ ಸೆಷನ್ ಬೆಲೆಯೊಂದು ಇರಬಹುದು. ಸಂಪರ್ಕ ಕಡಿದರೆ ನಮ್ಮ @ ವೇರಿಯೇಬಲ್ ಹೋಯಿತು, ನಾವು ಬದಲಿಸಿದ ಸೆಷನ್ ಬೆಲೆಯೂ ಹೋಯಿತು. ಪಕ್ಕದ ಸಂಪರ್ಕದವರಿಗೆ ನಮ್ಮದು ಸಾಮಾನ್ಯವಾಗಿ ಕಾಣಿಸುವುದೂ ಇಲ್ಲ. ಪುಸ್ತಕದಲ್ಲಿ ಓದುವಾಗ ಇದಕ್ಕಿಂತ ಶುದ್ಧವಾದ ವ್ಯವಸ್ಥೆ ಬೇರೆ ಇಲ್ಲ ಅನಿಸುತ್ತದೆ.

ಮೊದಲು ಐದಕ್ಕೆ ಐದು ಕೊಟ್ಟ ವಿಷಯ. ಮಲ್ಪೆಯಲ್ಲಿ ವ್ಯಾಪಾರ ಬೆಳಕು ಹರಿಯುವ ಮೊದಲೇ ಶುರು. ನಮ್ಮ ಸರ್ವರಿನ ಗಡಿಯಾರ ಮಾತ್ರ ಯುಟಿಸಿಯಲ್ಲಿದೆ, ಅಂದರೆ ಜಾಗತಿಕ ಪ್ರಮಾಣಿತ ಸಮಯದಲ್ಲಿ. ಇಲ್ಲಿ ಬೆಳಗಿನ ಜಾವ 5 ಗಂಟೆ ಎಂದರೆ ಅದಕ್ಕೆ ಹಿಂದಿನ ದಿನದ ರಾತ್ರಿ 11.30. ಅಂದರೆ ಐದೂವರೆಗೆ ಮೊದಲು ಹರಾಜಾದ ಬಂಗುಡೆಯೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ತಿಂಗಳ ಮೊದಲನೇ ತಾರೀಖಾದರೆ ಹೋದ ತಿಂಗಳ ಲೆಕ್ಕಕ್ಕೇ ಹೋಗುತ್ತದೆ. ಮದ್ದು ಒಂದು ಸಾಲಿನದು: ಸಂಪರ್ಕ ತೆರೆದ ಕೂಡಲೇ ಸೆಷನ್ನಿನ ಟೈಮ್‌ಝೋನನ್ನು '+05:30' ಎಂದು ಇಡುವುದು. ಇಂದಿನ ದಿನಾಂಕ ಕೇಳಿದರೂ ಈಗಿನ ಸಮಯ ಕೇಳಿದರೂ ಆ ಮೇಲೆ ನಮ್ಮ ಊರಿನದೇ ಬರುತ್ತದೆ. ಟೈಮ್‌ಸ್ಟ್ಯಾಂಪ್ ಕಾಲಂಗಳು ಒಳಗೆ ಯುಟಿಸಿಯಲ್ಲಿದ್ದು, ಓದುವಾಗ ಸೆಷನ್ನಿನ ಸಮಯಕ್ಕೆ ತಿರುಗುತ್ತವೆ. ಡೇಟ್‌ಟೈಮ್ ಕಾಲಂಗಳನ್ನು ಈ ಸೆಟ್ಟಿಂಗ್ ಮುಟ್ಟುವುದಿಲ್ಲ, ಅಲ್ಲಿ ಏನು ಬರೆದಿದ್ದೀರೋ ಅದೇ. ಏಷ್ಯಾ/ಕೋಲ್ಕತ್ತಾ ಎಂದು ಹೆಸರಿನಿಂದ ಹೇಳಬೇಕಾದರೆ ಟೈಮ್‌ಝೋನ್ ಕೋಷ್ಟಕಗಳನ್ನು ಮೊದಲೇ ತುಂಬಿರಬೇಕು. ನಮ್ಮ ದೇಶದಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಗಡಿಯಾರವಿಲ್ಲ, ಅಂಕಿಯೇ ಸಾಕು.

ಕನ್ನಡದಲ್ಲಿ ಹೆಸರು ಬರೆದಿಡುವವರಿಗೆ ಇನ್ನೊಂದು ಸೆಟ್ಟಿಂಗ್ ಗೊತ್ತಿರಲೇಬೇಕು. ಒಂದು ದಿನ ಬಂದ ಬೋಟುಗಳ ಹೆಸರುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿ ಕೊಡುವ ಗ್ರೂಪ್_ಕಾನ್‌ಕ್ಯಾಟ್ ಎಂಬ ಕಾರ್ಯವಿದೆಯಲ್ಲ, ಮೈಎಸ್‌ಕ್ಯೂಎಲ್‌ನಲ್ಲಿ ಅದರ ಮಿತಿ ತಾನಾಗಿ 1024 ಬೈಟ್. ಇಂಗ್ಲಿಷಿನಲ್ಲಿ ಅದು ಸಾವಿರ ಅಕ್ಷರ. ಕನ್ನಡದ ಪ್ರತಿಯೊಂದು ಚಿಹ್ನೆಗೂ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು, ಸ್ವರಚಿಹ್ನೆಗೆ ಬೇರೆ, ಸೊನ್ನೆಗೆ ಬೇರೆ. ‘ಮಂಗಳೂರು’ ಎಂಬ ಒಂದು ಪದವೇ 21 ಬೈಟ್ ನುಂಗುತ್ತದೆ. ಹೀಗಾಗಿ ಬೋಟುಗಳ ಪಟ್ಟಿ ನಡುವೆಯೇ ತುಂಡಾಗುತ್ತದೆ. ಸರ್ವರ್ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ, ಆ ಎಚ್ಚರಿಕೆಯನ್ನು ಓದುವ ತಂತ್ರಾಂಶವನ್ನು ನಾನು ನೋಡಿಲ್ಲ. ಆ ವರದಿ ತೆಗೆಯುವ ಸೆಷನ್ನಿಗಷ್ಟೇ ಮಿತಿ ಹೆಚ್ಚಿಸಿದರೆ ಕೆಲಸ ಸಲೀಸು. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮಾರಿಯಾಡಿಬಿಯವರು 10.2ರ ಸರಣಿಯಲ್ಲೇ ಈ ಮಿತಿಯನ್ನು 10 ಲಕ್ಷ ಬೈಟಿನ ಆಸುಪಾಸಿಗೆ ಏರಿಸಿದರು, ಒಳ್ಳೆಯದು ಮಾಡಿದರು.

ಇಲ್ಲಿ ಗ್ಲೋಬಲ್ ಬೆಲೆ ಬದಲಿಸಿ, ಏನೂ ಆಗಲಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಬಹಳ. ಗ್ಲೋಬಲ್ ಬದಲಿಸಿದರೆ ಅದು ಇನ್ನು ಮುಂದೆ ತೆರೆಯುವ ಸಂಪರ್ಕಗಳಿಗೆ ಮಾತ್ರ. ಈಗಾಗಲೇ ತೆರೆದುಕೊಂಡಿರುವವು ಹಳೆಯ ಬೆಲೆಯಲ್ಲೇ ಓಡುತ್ತಿರುತ್ತವೆ. ಸರ್ವರ್ ಮತ್ತೆ ಶುರುವಾದರೆ ಅದೂ ಮರೆತುಹೋಗುತ್ತದೆ. 8.0ರಲ್ಲಿ ಬಂದ ‘ಸೆಟ್ ಪರ್ಸಿಸ್ಟ್’ ಬೆಲೆಯನ್ನು ಕಡತದಲ್ಲೂ ಬರೆದಿಡುತ್ತದೆ. ಒಂದೇ ಒಂದು ಕ್ವೆರಿಗೆ (ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ) ಸೆಟ್ಟಿಂಗ್ ಬೇಕಾದರೆ ಸೆಲೆಕ್ಟ್ ಪದವಾದ ಕೂಡಲೇ ‘ಸೆಟ್_ವಾರ್’ ಸೂಚನೆ ಬರೆದು, ವಿಂಗಡಣೆಗೆ ಬಳಸುವ ಮೆಮೊರಿಯ ಬಫರನ್ನು 16 ಎಂಬಿ ಮಾಡಿಕೊಳ್ಳಿ ಎನ್ನಬಹುದು. ಕ್ವೆರಿ ಮುಗಿದ ಮೇಲೆ ಹಳೆಯ ಬೆಲೆ ತಾನಾಗಿ ಮರಳುತ್ತದೆ. ನನಗೆ ಬಹಳ ಮೆಚ್ಚಿಗೆಯಾದದ್ದು ಇದು.

ಈಗ ಸೊನ್ನೆ ಅಂಕದ ವಿಷಯ. ಬೋಟಿನ ಖಾತೆಯಲ್ಲಿ ಪ್ರತಿ ಸಾಲಿನ ಎದುರು ಅಲ್ಲಿಯವರೆಗಿನ ಬಾಕಿ ಬೇಕು. ಗುತ್ತಿಗೆದಾರರು @ಬಾಕಿ ಎಂಬುದಕ್ಕೆ ಸೊನ್ನೆ ಕೊಟ್ಟು, ಸೆಲೆಕ್ಟ್ ಸಾಲಿನ ಒಳಗೇ ‘@ಬಾಕಿ := @ಬಾಕಿ + ಮೊತ್ತ’ ಎಂದು ಕೂಡಿಸುತ್ತ ಹೋಗಿದ್ದರು. ಹಳೆಯ ಆವೃತ್ತಿಗಳಲ್ಲಿ, ಪ್ರತಿ ಸಾಲಿನ ಎದುರೂ ಹೀಗೆ ಲೆಕ್ಕ ಹಾಕಿಕೊಡುವ ವಿಂಡೋ ಫಂಕ್ಷನ್‌ಗಳು ಇರಲಿಲ್ಲವಾದ್ದರಿಂದ ಊರೆಲ್ಲ ಹೀಗೇ ಬರೆಯುತ್ತಿದ್ದರು, ಅದಕ್ಕೆ ಅವರನ್ನು ಬೈಯುವುದಿಲ್ಲ. ಆದರೆ ಲೆಕ್ಕಾಚಾರದ ಒಳಗೆ ಇಂಥ ವೇರಿಯೇಬಲ್‌ಗಳು ಯಾವ ಕ್ರಮದಲ್ಲಿ ಬದಲಾಗುತ್ತವೆ ಎಂಬುದಕ್ಕೆ ಮೈಎಸ್‌ಕ್ಯೂಎಲ್ ಯಾವತ್ತೂ ಖಾತ್ರಿ ಕೊಟ್ಟಿಲ್ಲ. ಕೂಡಿಸುವುದು ವಿಂಗಡಿಸುವ ಮೊದಲೇ ನಡೆದರೆ ತಾರೀಖು ಸರಿಯಾದ ಸಾಲಿನಲ್ಲಿರುತ್ತದೆ, ಬಾಕಿ ಮಾತ್ರ ಮೇಲೆ ಕೆಳಗೆ ಕುಣಿಯುತ್ತದೆ. ಇನ್ನೂ ಕಿರಿಕಿರಿಯೆಂದರೆ ಕೊನೆಯ ಮೊತ್ತ ಹೇಗೂ ಸರಿ ಬರುವುದರಿಂದ, ನಡುವಿನ ಬಾಕಿ ತಪ್ಪಿದ್ದು ಲೆಕ್ಕ ಪರಿಶೋಧಕರಿಗೂ ಸುಲಭವಾಗಿ ಕಾಣಿಸುವುದಿಲ್ಲ. 8.0.13ರಿಂದ ಈ ಬಗೆಯ ಬಳಕೆಯನ್ನು ಬಿಡಬೇಕಾದ ಪದ್ಧತಿ ಎಂದು ಅಧಿಕೃತವಾಗಿಯೇ ಸಾರಿದ್ದಾರೆ. ನಾವು ಅದೇ ವಿಂಡೋ ಫಂಕ್ಷನ್ನಿನ ‘ಸಮ್’ ಮತ್ತು ‘ಓವರ್’ ಬಳಸಿ, ಬೋಟಿನ ಪ್ರಕಾರ ವಿಭಾಗಿಸಿ, ತಾರೀಖು ಮತ್ತು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ಮತ್ತೆ ಬರೆದೆವು. ಕ್ರಮಸಂಖ್ಯೆ ಬಿಡಬೇಡಿ. ಒಂದೇ ದಿನ ಒಂದು ಬೋಟಿಗೆ ನಾಲ್ಕು ಸಾಲು ಇದ್ದರೆ, ಬರೀ ತಾರೀಖಿನಿಂದ ನಾಲ್ಕಕ್ಕೂ ಒಂದೇ ಬಾಕಿ ಬರುತ್ತದೆ.

ಮೂರು ಅಂಕದ ವಿಷಯವೇ ನಿಜವಾಗಿ ಸ್ವಾರಸ್ಯದ್ದು. ತಂತ್ರಾಂಶ ಡೇಟಾಬೇಸಿಗೆ ಒಂದೇ ಹೆಸರಿನಲ್ಲಿ ಪ್ರವೇಶಿಸುತ್ತದೆ. ಕೌಂಟರಿನಲ್ಲಿ ಕುಳಿತವರು ಯಾರು ಎಂದು ಅದಕ್ಕೆ ತಿಳಿಯದು. ಆದ್ದರಿಂದ ತೂಕವನ್ನೋ ದರವನ್ನೋ ತಿದ್ದುವ ಮೊದಲು @ಬಳಕೆದಾರ ಎಂಬುದರಲ್ಲಿ ಅವರ ಹೆಸರಿಟ್ಟರೆ, ಸಾಲು ಬದಲಾದಾಗ ಡೇಟಾಬೇಸಿನೊಳಗೆ ತಾನಾಗಿ ಓಡುವ ಟ್ರಿಗರ್ ಅದನ್ನು ಓದಿ ತಿದ್ದುಪಡಿ ಪುಸ್ತಕದಲ್ಲಿ ದಾಖಲಿಸುತ್ತದೆ. ಉಪಾಯ ಚೆನ್ನಾಗಿದೆ. ನಮ್ಮಲ್ಲಿ ಲೆಕ್ಕ ಬರೆಯುವ ಹುಡುಗಿ ಒಂದು ದಿನ ಬಂದು, “ಅಕ್ಕಾ, ಆ ಹೊತ್ತಿಗೆ ನಾನು ಊಟಕ್ಕೆ ಮನೆಗೆ ಹೋಗಿದ್ದೆ. ಅಂಜಲ್‌ನ ದರ ತಿದ್ದಿದ್ದು ನಾನು ಎಂದು ಇಲ್ಲಿ ಹೇಗೆ ಬಂತು?” ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ಕಿಲೋ ಲೆಕ್ಕದಲ್ಲಿ ದರ ತಿದ್ದುವುದೆಂದರೆ ಇಲ್ಲಿ ಸಣ್ಣ ಆರೋಪವಲ್ಲ.

ಕಾರಣ ಸಂಪರ್ಕಗಳ ಪೂಲ್. ಪ್ರತಿ ಬಾರಿ ಹೊಸ ಸಂಪರ್ಕ ತೆರೆಯುವುದು ದುಬಾರಿಯೆಂದು ತಂತ್ರಾಂಶ ಕೆಲವನ್ನು ತೆರೆದಿಟ್ಟುಕೊಂಡು ಒಬ್ಬರಾದ ಮೇಲೆ ಒಬ್ಬರಿಗೆ ಕೊಡುತ್ತದೆ. ಡೇಟಾಬೇಸಿನ ಕಣ್ಣಿಗೆ ಸೆಷನ್ ಮುಗಿದೇ ಇಲ್ಲ, ಹಾಗಾಗಿ ವೇರಿಯೇಬಲ್ ಕೂಡ ಅಳಿಯುವುದಿಲ್ಲ. ಮಠದ ಊಟದಲ್ಲಿ ಹಿಂದಿನ ಪಂಕ್ತಿಯ ಎಲೆ ತೆಗೆಯದೆ ಮುಂದಿನವರನ್ನು ಕೂರಿಸಿದ ಹಾಗೆ. ತೂಕ ತಿದ್ದುವ ಪರದೆಯಲ್ಲಿ ಹೆಸರು ಇಡುವ ಸಾಲನ್ನು ಗುತ್ತಿಗೆದಾರರು ಬರೆದಿದ್ದರು. ದರ ತಿದ್ದುವ ಪರದೆಯಲ್ಲಿ ಬರೆದಿರಲಿಲ್ಲ. ಸಂಪರ್ಕ ಹೊಸದಾಗಿದ್ದರೆ ‘ನಲ್’ ಬಂದು, ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲವೆಂದು ಸರ್ವರ್ ಗದರಿಸುತ್ತಿತ್ತು. ಹಳೆಯದಾದ್ದರಿಂದ ಹಿಂದಿನವಳ ಹೆಸರು ಸದ್ದಿಲ್ಲದೆ ಬಿತ್ತು. ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ ಎಂದು ಧಣಿಗಳು ಕೇಳಿದಾಗ, ಹೌದು ಧಣಿಗಳೇ, ಹೇಳಿದೆ ಎಂದೆ.

ಸರಿಪಡಿಸುವ ಸಲಕರಣೆ ಮೈಎಸ್‌ಕ್ಯೂಎಲ್‌ನಲ್ಲಿ ಇದೆ. ಸಂಪರ್ಕವನ್ನು ಕಡಿಯದೆಯೇ ಮರುಹೊಂದಿಸಬಹುದು: ವೇರಿಯೇಬಲ್‌ಗಳು ಹೋಗುತ್ತವೆ, ಸೆಟ್ಟಿಂಗ್‌ಗಳು ಗ್ಲೋಬಲ್ ಬೆಲೆಗೆ ಮರಳುತ್ತವೆ, ತಾತ್ಕಾಲಿಕ ಕೋಷ್ಟಕಗಳು ಅಳಿಯುತ್ತವೆ. ಪೈಥಾನ್‌ನ ಅಧಿಕೃತ ಕನೆಕ್ಟರಿನ ಪೂಲ್ ಇದನ್ನು ತಾನೇ ಮಾಡುತ್ತದೆ. ಜಾವಾದವರ ಅಚ್ಚುಮೆಚ್ಚಿನ ಪೂಲ್ ಆದ ಹಿಕಾರಿಯು ಆಟೋಕಮಿಟ್, ಐಸೊಲೇಷನ್ ಮಟ್ಟ ಇಂಥ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುತ್ತದೆಯೇ ಹೊರತು ನಮ್ಮ @ ವೇರಿಯೇಬಲ್‌ಗಳ ಗೋಜಿಗೆ ಹೋಗುವುದಿಲ್ಲ. ಮರುಹೊಂದಿಸಿದರೆ ಟೈಮ್‌ಝೋನ್ ಕೂಡ ಹೋಗುತ್ತದೆ, ಅದನ್ನು ಮತ್ತೆ ಇಡಬೇಕು. ನಾವು ಹೆಸರಿಡುವ ಕೆಲಸವನ್ನು ಪರದೆಗಳಿಂದ ಕಿತ್ತು, ಡೇಟಾಬೇಸಿನ ಪ್ರತಿ ವಹಿವಾಟಿನ (ಟ್ರಾನ್ಸಾಕ್ಷನ್) ಆರಂಭದಲ್ಲಿ ಒಂದೇ ಕಡೆ ನಡೆಯುವಂತೆ ಮಾಡಿದೆವು, ಮುಗಿಯುವಾಗ ‘ನಲ್’ ಮಾಡುತ್ತೇವೆ. ಟ್ರಿಗರ್‌ಗೆ ‘ನಲ್’ ಕಂಡರೆ 45000 ಎಂಬ ದೋಷ ಎಬ್ಬಿಸಿ ತಿದ್ದುಪಡಿಯನ್ನೇ ತಡೆಯುತ್ತದೆ.

ಪಕ್ಕದ ಅಂಗಡಿಗಳಲ್ಲಿ, ಅಂದರೆ ಬೇರೆ ಡೇಟಾಬೇಸುಗಳಲ್ಲಿ, ಇದೇ ಸರಕು ಇನ್ನೂ ಚೊಕ್ಕವಾಗಿ ಸಿಗುತ್ತದೆ ಎಂಬುದೇ ನಾನು ಎರಡು ಅಂಕ ಹಿಡಿದಿಡಲು ಕಾರಣ. ಪೋಸ್ಟ್‌ಗ್ರೆಸ್‌ನಲ್ಲಿ ‘ಸೆಟ್ ಲೋಕಲ್’ ಎಂದರೆ ಬೆಲೆ ಆ ವಹಿವಾಟಿಗೆ ಮಾತ್ರ. ಕಮಿಟ್ ಆದರೂ (ಉಳಿಸಿದರೂ) ರೋಲ್‌ಬ್ಯಾಕ್ ಆದರೂ (ರದ್ದಾದರೂ) ಮಾಯ. ಪೂಲ್ ಇದ್ದರೂ ಸೋರುವುದಿಲ್ಲ. ಅಲ್ಲಿಯೂ ಒಂದು ಕೊಕ್ಕೆ ಇದೆ: ನಾವೇ ಹೆಸರಿಟ್ಟ ಸೆಟ್ಟಿಂಗ್ ಒಮ್ಮೆ ಹೀಗೆ ಬಳಕೆಯಾದ ಮೇಲೆ, ಅದೇ ಸಂಪರ್ಕದಲ್ಲಿ ಮತ್ತೆ ಓದಿದರೆ ‘ನಲ್’ ಬದಲು ಖಾಲಿ ಸ್ಟ್ರಿಂಗ್ ಬರುತ್ತದೆ, ಎರಡನ್ನೂ ಪರೀಕ್ಷಿಸಬೇಕು. ಎಸ್‌ಕ್ಯೂಎಲ್ ಸರ್ವರ್ 2016ರಲ್ಲಿ ತಂದ ಸೆಷನ್ ಕಾಂಟೆಕ್ಸ್ಟ್‌ನಲ್ಲಿ ಬೆಲೆಯನ್ನು ಓದಲು ಮಾತ್ರ ಎಂದು ಗುರುತಿಸಿ ಬೀಗ ಹಾಕಬಹುದು. ಆರಕಲ್‌ನಲ್ಲಿ ನಾವು ಹೆಸರಿಸಿದ ಪ್ಯಾಕೇಜ್ ಬಿಟ್ಟು ಬೇರೆ ಯಾರೂ ಅಪ್ಲಿಕೇಶನ್ ಕಾಂಟೆಕ್ಸ್ಟಿನ ಬೆಲೆ ಬದಲಿಸುವಂತಿಲ್ಲ. ಮೈಎಸ್‌ಕ್ಯೂಎಲ್‌ನ @ಬಳಕೆದಾರನನ್ನು ಮಾತ್ರ ಆ ಸಂಪರ್ಕದಲ್ಲಿ ಕೈಯಾಡಿಸುವ ಯಾವ ಕೋಡ್ ಬೇಕಾದರೂ ಧಣಿಗಳ ಹೆಸರಿಗೆ ತಿರುಗಿಸಬಹುದು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ ಬರೆದರೂ ದೋಷವಿಲ್ಲ, ಹೊಸದೊಂದು ವೇರಿಯೇಬಲ್ ಹುಟ್ಟುತ್ತದೆ ಅಷ್ಟೇ.

ಈಗಾಗಲೇ ಇಂಥ ತಂತ್ರಾಂಶ ನಿಮ್ಮ ತಲೆಗೆ ಬಿದ್ದಿದ್ದರೆ, ಸರ್ವರಿನ ಒಳಗಿನ ಸ್ಥಿತಿ ತೋರಿಸುವ, 5.7ರಿಂದಲೇ ಇರುವ ಪರ್ಫಾರ್ಮೆನ್ಸ್ ಸ್ಕೀಮಾದೊಳಗಿನ ‘ಯೂಸರ್ ವೇರಿಯೇಬಲ್ಸ್ ಬೈ ಥ್ರೆಡ್’ ಎಂಬ ಕೋಷ್ಟಕವನ್ನು ತೆರೆದು ನೋಡಿ. ಯಾವ ಸಂಪರ್ಕದಲ್ಲಿ ಯಾವ ವೇರಿಯೇಬಲ್ ಯಾವ ಬೆಲೆ ಹಿಡಿದು ಕುಳಿತಿದೆ ಎಂದು ಅಲ್ಲಿ ಕಾಣಿಸುತ್ತದೆ. ರಾತ್ರಿ ಕಚೇರಿ ಮುಚ್ಚಿದ ಮೇಲೆ ನೋಡುವುದು ವಾಸಿ: ಆಗ ಅಲ್ಲಿ ಯಾರದಾದರೂ ಹೆಸರು ಉಳಿದಿದ್ದರೆ, ಯಾವ ಪರದೆಯಿಂದ ಉಳಿಯಿತು ಎಂದು ಹುಡುಕಲು ಬೆಳಗಿನ ಹರಾಜಿನವರೆಗೆ ಸಮಯವಿರುತ್ತದೆ.