10 ಪೋರ್ಟಿನ ಅಗ್ಗದ ಸಾಟಾ ಕಾರ್ಡ್ ಕೊಳ್ಳುವ ಮುಂಚೆ ಸ್ವಲ್ಪ ತಡೀರಿ

ಮನೆಯ ಫೈಲ್ ಸರ್ವರ್‌ಗೆ ಇನ್ನಷ್ಟು ಡಿಸ್ಕ್ ಸೇರಿಸೋಣ ಅಂತ ಅಗ್ಗದ ಸಾಟಾ ಕಾರ್ಡ್ (ಡಿಸ್ಕ್ ಸಿಕ್ಕಿಸೋಕೆ ಹೆಚ್ಚಿನ ಪೋರ್ಟ್ ಕೊಡುವ ಕಾರ್ಡ್) ಹುಡುಕುತ್ತಿದ್ದೀರಾ? ನಾನೂ ಹುಡುಕಿದ್ದೆ. 10 ಪೋರ್ಟಿನದ್ದು ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಖುಷಿಯಾಗಿ ತಂದು, ಎರಡು ತಿಂಗಳು ನಿದ್ದೆ ಕೆಡಿಸಿಕೊಂಡೆ.

ನನ್ನದು ಡೆಬಿಯನ್ ಲಿನಕ್ಸ್ ಹಾಕಿದ ಹಳೇ ಡೆಸ್ಕ್‌ಟಾಪ್. ಆರು ಡಿಸ್ಕ್, ಅವನ್ನೆಲ್ಲ ಒಂದೇ 'ಪೂಲ್' ಆಗಿ ಸೇರಿಸುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್, ಅದರಲ್ಲಿ ರೇಡ್-ಝಡ್2 ಜೋಡಣೆ. ಎರಡು ಡಿಸ್ಕ್ ಒಟ್ಟಿಗೆ ಹೋದರೂ ಡೇಟಾ ಉಳಿಯುತ್ತದೆ ಅನ್ನೋ ಧೈರ್ಯ. ಮದರ್‌ಬೋರ್ಡಿನಲ್ಲಿ ಎರಡಕ್ಕೆ ಮಾತ್ರ ಜಾಗ ಇತ್ತು, ಉಳಿದ ನಾಲ್ಕನ್ನು ಕಾರ್ಡಿಗೆ ಸಿಕ್ಕಿಸಿದೆ. ಸಿನಿಮಾ ಓಡಿತು, ಫೋಟೋ ಕಾಪಿ ಆದವು.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಪೂಲ್ 'ಸಸ್ಪೆಂಡೆಡ್', ಅಂದರೆ ನಿಂತೇ ಹೋಗಿದೆ. ನಾಲ್ಕು ಡಿಸ್ಕ್ ಒಂದೇ ಏಟಿಗೆ ಮಾಯ. ರೀಬೂಟ್ ಮಾಡಿದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ನಾಲ್ಕೂ ಹಾಜರ್. ಕರೆಂಟಿನ ಏರುಪೇರು ಇರಬೇಕು ಅಂದುಕೊಂಡೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ. ಕೇಬಲ್ ಬದಲಾಯಿಸಿದೆ, ಪವರ್ ಸಪ್ಲೈ ಬದಲಾಯಿಸಿದೆ. ಒಂದು ಡಿಸ್ಕಿನ ಮೇಲೆ ಅನುಮಾನ ಬಂದು ಹೊಸದನ್ನೇ ತಂದು ಹಾಕಿದೆ. ಅದಕ್ಕೆ ಡೇಟಾ ತುಂಬುತ್ತಿರುವಾಗ ಅರ್ಧ ದಾರಿಯಲ್ಲಿ ಮತ್ತೆ ನಾಲ್ಕೂ ಮಾಯ! ತೆಗೆದಿಟ್ಟ ಡಿಸ್ಕಿನ ಸ್ಮಾರ್ಟ್ ವರದಿ (ತನ್ನ ಆರೋಗ್ಯದ ಬಗ್ಗೆ ಡಿಸ್ಕೇ ಇಡುವ ಲೆಕ್ಕ) ಆಮೇಲೆ ನೋಡಿದೆ. ಕೆಟ್ಟ ಸೆಕ್ಟರ್ ಲೆಕ್ಕ ಇಡುವ 5 ಮತ್ತು 197 ನಂಬರಿನ ಸಾಲು, ಎರಡರಲ್ಲೂ ಸೊನ್ನೆ. ಪಾಪ, ಸುಮ್ನೆ ಅದನ್ನು ದೂರಿದ್ದೆ.

ಸುಳಿವು ಕೊಟ್ಟದ್ದು ಗೋಡೆಯ ಕ್ಯಾಲೆಂಡರ್. ಮೊದಲೆರಡು ಸಲವೂ ತಿಂಗಳ ಎರಡನೇ ಭಾನುವಾರ. ಡೆಬಿಯನ್‌ನಲ್ಲಿ ಝಡ್‌ಎಫ್‌ಎಸ್ ಹಾಕಿದರೆ ಅವತ್ತು ಮಧ್ಯರಾತ್ರಿ ಕಳೆದು 24 ನಿಮಿಷಕ್ಕೆ ತಾನಾಗೇ ಸ್ಕ್ರಬ್, ಅಂದರೆ ಇಡೀ ಡೇಟಾ ಸರಿ ಇದೆಯೇ ಅನ್ನೋ ತಪಾಸಣೆ, ಶುರುವಾಗುತ್ತದೆ. ಎಲ್ಲ ಡಿಸ್ಕನ್ನೂ ಒಟ್ಟಿಗೆ, ಗಂಟೆಗಟ್ಟಲೆ ಓದುತ್ತದೆ. ಸಿನಿಮಾ ನೋಡಿದರೆ ಅಷ್ಟು ಭಾರ ಬೀಳೋದೇ ಇಲ್ಲ.

ಆಮೇಲೆ ಕರ್ನಲ್ ಲಾಗ್ (ಸಿಸ್ಟಮ್ ಬರೆದಿಡುವ ದಿನಚರಿ) ತೆಗೆದು ಸಾಲು ಸಾಲಾಗಿ ಓದಿದೆ. ಎಟಿಎ9.00, 9.01, 9.02, 9.03. ಕೊನೆಗೆ ಎಲ್ಲಿಂದಲೋ ಬಂದ ಹಾಗೆ 9.15. ಒಂದು ಸಾಟಾ ಪೋರ್ಟಿಗೆ ಒಂದು ಡಿಸ್ಕ್ ಇರಬೇಕು. ಇಲ್ಲಿ 9ನೇ ಪೋರ್ಟಿನ ಕೆಳಗೆ ನಾಲ್ಕು. ಆ '15' ಅನ್ನೋದು, ಒಂದು ಪೋರ್ಟನ್ನು ಹಲವು ಡಿಸ್ಕಿಗೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್‌ನ ಗುರುತು. ಕಾರ್ಡಿನ ಹೀಟ್‌ಸಿಂಕ್ ಕಿತ್ತು ನೋಡಿದರೆ ಅಡಿಯಲ್ಲಿ ಒಂದಲ್ಲ, ಮೂರು ಚಿಪ್. ಒಂದು ಅಸಲಿ ಕಂಟ್ರೋಲರ್, ಉಳಿದೆರಡು ಒಂದೊಂದು ಪೋರ್ಟನ್ನು ಐದೈದಾಗಿ ಒಡೆಯುವಂಥವು. ನನ್ನ ನಾಲ್ಕೂ ಡಿಸ್ಕ್ ಸೆಕೆಂಡಿಗೆ ಸುಮಾರು 600 ಎಂಬಿಯ ಒಂದೇ ದಾರಿಯಲ್ಲಿ ನೂಕಾಡುತ್ತಿದ್ದವು. ಆ ದಾರಿ ಒಮ್ಮೆ ತೊದಲಿ ರೀಸೆಟ್ ಆದರೆ ನಾಲ್ಕೂ ಹೊರಗೆ. ರೇಡ್-ಝಡ್2 ಇದ್ದು ಏನು ಬಂತು?

ಮಾರಿದವರನ್ನು ಕೇಳಿದರೆ, ವಾಪಸ್ ಅವಧಿ 10 ದಿನ, ಮುಗಿದಿದೆ ಅಂದರು. ಸ್ಕ್ರಬ್ ತಿಂಗಳಿಗೊಮ್ಮೆ, ಗೊತ್ತಾಗೋದಾದರೂ ಹೇಗೆ? ಅದಕ್ಕೇ ಹೇಳೋದು: ಯಾವ ಕಾರ್ಡೇ ಆಗಲಿ, ಹಾಕಿದ ದಿನವೇ ಕೈಯಾರೆ ಸ್ಕ್ರಬ್ ಓಡಿಸಿ. ಚಿಕ್ಕ ಪಿಸಿಐಇ ಎಕ್ಸ್1 (ಮದರ್‌ಬೋರ್ಡಿನ ಅತಿ ಚಿಕ್ಕ ಸ್ಲಾಟಿಗೆ ಕೂರುವ) ಕಾರ್ಡಲ್ಲಿ 8, 10, 16 ಪೋರ್ಟ್ ಕಂಡರೆ ಮುಟ್ಟಲೇಬೇಡಿ.

ಈಗ ಸರ್ವರ್‌ನಿಂದ ಬಿಚ್ಚಿದ, ಐಟಿ ಮೋಡಿನ (ತಾನು ರೇಡ್ ಮಾಡದೆ ಡಿಸ್ಕನ್ನು ನೇರ ಸಿಸ್ಟಮ್‌ಗೆ ಒಪ್ಪಿಸುವ) ಸೆಕೆಂಡ್ ಹ್ಯಾಂಡ್ ಎಚ್‌ಬಿಎ, ಅಂದರೆ ಡಿಸ್ಕ್ ಜೋಡಿಸುವ ಸರ್ವರ್ ಕಾರ್ಡ್, ಹಾಕಿದ್ದೇನೆ. ಅಲ್ಲೂ ಒಂದು ದಿನ ಪೇಚಾಡಿದೆ: ಅದಕ್ಕೆ 'ಫಾರ್ವರ್ಡ್' ಬ್ರೇಕೌಟ್ ಕೇಬಲ್ಲೇ (ಕಾರ್ಡಿನ ಒಂದು ಕನೆಕ್ಟರ್‌ನಿಂದ ಹಲವು ಡಿಸ್ಕಿಗೆ ಕವಲಾಗುವಂಥದ್ದು) ಬೇಕು. ನೋಡೋಕೆ ಅದೇ ಥರ ಇರುವ 'ರಿವರ್ಸ್' ತಂದರೆ ಒಂದು ಡಿಸ್ಕೂ ಕಾಣೋದಿಲ್ಲ. ಜೊತೆಗೆ ಸರ್ವರ್‌ನ ಫ್ಯಾನುಗಳ ಜೋರು ಗಾಳಿಗೆ ಒಗ್ಗಿದ ಕಾರ್ಡ್ ಅದು. ಹೀಟ್‌ಸಿಂಕ್ ಮುಟ್ಟಿ ಬೆರಳು ಸುಟ್ಟುಕೊಂಡ ಮೇಲೆ 40 ಎಂಎಂ ಫ್ಯಾನ್ ಒಂದನ್ನು ಜಿಪ್ ಟೈನಲ್ಲಿ ಕಟ್ಟಿದೆ.

ಹಳೇ ಕಾರ್ಡ್ ಡ್ರಾಯರಿನಲ್ಲಿದೆ. ಮಾರಿಬಿಡು ಅಂತಾರೆ ಮನೆಯಲ್ಲಿ. ಯಾರ ತಲೆಗೆ ಕಟ್ಟಲಿ?