ಕಲ್ಚರ್ ಪರೀಕ್ಷೆಗೆ ಒಳ್ಳೆಯ ಲ್ಯಾಬ್, ಸ್ಯಾಂಪಲ್ ನೀವೇ ಒಯ್ಯುವುದಾದರೆ

ರಕ್ತದ ಸಕ್ಕರೆಯನ್ನೋ ಥೈರಾಯ್ಡನ್ನೋ ಪರೀಕ್ಷಿಸಬೇಕಾದರೆ ಬೆಂಗಳೂರಿನಲ್ಲಿ ಮನೆಗೆ ಹತ್ತಿರವಿರುವ ಯಾವುದೇ ಸುಮಾರಾದ ಲ್ಯಾಬ್ ಸಾಕು. ಕೆಲಸದ ಬಹುಭಾಗವನ್ನು ಯಂತ್ರವೇ ಮಾಡಿ ಮುಗಿಸುತ್ತದೆ. ಯೂರಿನ್ ಕಲ್ಚರ್ ಹಾಗಲ್ಲ. ಜೀವಂತ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವು ಯಾವ ಔಷಧಕ್ಕೆ ಬಗ್ಗುತ್ತವೆ ಎಂದು ನೋಡುವ ಈ ಪರೀಕ್ಷೆಯಲ್ಲಿ ಡಬ್ಬಿ ಕೊಡುವವರಿಂದ ಹಿಡಿದು ವರದಿಗೆ ಸಹಿ ಹಾಕುವ ಮೈಕ್ರೋಬಯಾಲಜಿಸ್ಟ್ ತನಕ ಪ್ರತಿಯೊಬ್ಬರ ಶ್ರದ್ಧೆಯೂ ಲೆಕ್ಕಕ್ಕೆ ಬರುತ್ತದೆ. ಮಧುಮೇಹವಿರುವ ನಮ್ಮ ಅತ್ತೆಯವರಿಗೆ ಉರಿಮೂತ್ರ ಪದೇ ಪದೇ ಮರುಕಳಿಸುತ್ತಿರುವುದರಿಂದ ಕಳೆದ ವರ್ಷದಿಂದ ನಾವು ಜಯನಗರ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಸಮೀಪದ ಒಂದು ಲ್ಯಾಬಿಗೆ ಹೋಗುತ್ತಿದ್ದೇವೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಇಲ್ಲಿ ಹೇಳುವ ಸಂಗತಿಗಳು ಬೇರೆ ಲ್ಯಾಬುಗಳನ್ನು ತೂಗಿ ನೋಡುವುದಕ್ಕೂ ಉಪಯೋಗವಾದಾವು.

ಈ ಲ್ಯಾಬಿನ ಮೊದಲ ಹೆಚ್ಚುಗಾರಿಕೆಯೆಂದರೆ ಸ್ಯಾಂಪಲ್ ಪಡೆಯುವ ಕ್ರಮ. ಬೇರೆಡೆ ಡಬ್ಬಿಯನ್ನು ಕೈಗಿತ್ತು ಶೌಚಾಲಯದ ದಾರಿ ತೋರಿಸುವುದಷ್ಟೇ ರೂಢಿ. ಇಲ್ಲಿ ಹಿರಿಯ ಸಿಬ್ಬಂದಿಯೊಬ್ಬರು ಅತ್ತೆಯವರನ್ನು ಪಕ್ಕಕ್ಕೆ ಕರೆದು, “ಅಮ್ಮಾ, ಮೊದಲು ಬರೀ ನೀರಲ್ಲಿ ತೊಳ್ಕೊಳ್ಳಿ. ಶುರುವಿನದು ಹೋಗಲಿ ಬಿಡಿ, ನಡುವಿನದು ಮಾತ್ರ ಹಿಡೀರಿ. ಡಬ್ಬಿ ಒಳಗಡೆ ಬೆರಳು ತಾಗಿಸ್ಬೇಡಿ” ಎಂದು ಸಂಕೋಚವಾಗದ ಹಾಗೆ ತಿಳಿಸಿದರು. ಆಂಟಿಬಯೋಟಿಕ್ ಈಗಾಗಲೇ ಶುರುವಾಗಿದೆಯೇ ಎಂದು ಕೇಳಿ ಫಾರಂನಲ್ಲಿ ಬರೆದುಕೊಂಡರು. ಒಂದೆರಡು ಮಾತ್ರೆ ಒಳಗೆ ಹೋಗಿದ್ದರೂ ಸಾಕು, ಸೋಂಕು ಇದ್ದೂ ಏನೂ ಬೆಳೆಯಲಿಲ್ಲವೆಂಬ ವರದಿ ಬರುವ ಸಂಭವವಿರುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಕೇಳದ ಲ್ಯಾಬನ್ನು ನಾನು ನಂಬುವುದಿಲ್ಲ.

ಇದೇ ಲ್ಯಾಬಿನ ಮನೆಗೆ ಬಂದು ಸ್ಯಾಂಪಲ್ ಒಯ್ಯುವ ಸೇವೆಯ ಬಗ್ಗೆ ಮಾತ್ರ ಒಳ್ಳೆಯ ಮಾತು ಹೇಳಲಾರೆ. ಬೈಕಿನಲ್ಲಿ ಬಂದ ಹುಡುಗ ಡಬ್ಬಿಯನ್ನು ಐಸ್ ಪ್ಯಾಕ್ ಇಲ್ಲದ ಬೆನ್ನುಚೀಲಕ್ಕೆ ಹಾಕಿಕೊಂಡು, ಇನ್ನೂ ಬನಶಂಕರಿಯ ಕಡೆ ಮನೆಗಳಿವೆ ಎಂದು ಹೊರಟ. ಮೂತ್ರದ ಸ್ಯಾಂಪಲ್ ಒಂದೆರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವಾದರೆ ಫ್ರಿಜ್ಜಿನ ತಂಪಿನಲ್ಲಿರಬೇಕು. ಉರಿಮೂತ್ರಕ್ಕೆ ಸಾಮಾನ್ಯವಾಗಿ ಕಾರಣವಾಗುವ ಇ. ಕೋಲೈ ಬ್ಯಾಕ್ಟೀರಿಯಾ ಅನುಕೂಲಕರ ವಾತಾವರಣದಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಒಂದು ಮಿಲಿಲೀಟರಿನಲ್ಲಿ 1 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳಿದ್ದರೆ ಅದನ್ನು ಸಾಮಾನ್ಯವಾಗಿ ಸೋಂಕಿನ ಸೂಚನೆಯೆಂದು ಪರಿಗಣಿಸುವುದರಿಂದ, ಚರ್ಮದಿಂದ ಬಂದು ಸೇರಿದ ನಾಲ್ಕಾರು ಬ್ಯಾಕ್ಟೀರಿಯಾಗಳು ಚೀಲದಲ್ಲೇ ಸಂಸಾರ ಬೆಳೆಸಿಕೊಂಡರೆ ಪರೀಕ್ಷೆಯ ಅರ್ಥವೇ ಕೆಡುತ್ತದೆ. ಆದದ್ದೂ ಹಾಗೆಯೇ: ಹಲವು ಬಗೆಯ ಬ್ಯಾಕ್ಟೀರಿಯಾ ಬೆಳೆದಿವೆ, ಸ್ಯಾಂಪಲ್ ಮತ್ತೊಮ್ಮೆ ಕಳುಹಿಸಿ ಎಂಬ ವರದಿ ಬಂತು. ಎರಡನೆಯ ಬಾರಿಗೂ ಪೂರ್ತಿ ಹಣ ತೆಗೆದುಕೊಂಡದ್ದು ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ವರದಿಗೆ ಎರಡು ಮೂರು ದಿನ ಹಿಡಿಯುತ್ತದೆಂದು ಗೊಣಗುವವರುಂಟು, ಆದರೆ ಅದು ಲ್ಯಾಬಿನವರ ಸೋಮಾರಿತನವಲ್ಲ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯಲು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಒಂದು ದಿನ, ಅದರ ಮೇಲೆ ಔಷಧಗಳನ್ನು ಪ್ರಯೋಗಿಸಿ ನೋಡಲು ಹೆಚ್ಚುಕಡಿಮೆ ಇನ್ನೊಂದು ದಿನ ಬೇಕೇ ಬೇಕು. ಕೇಳಿಕೊಂಡಾಗ ಅಲ್ಲಿನ ಮೈಕ್ರೋಬಯಾಲಜಿಸ್ಟ್ ಗಾಜಿನ ಕಿಟಕಿಯ ಆಚೆಯಿಂದ ಮುಚ್ಚಳವಿದ್ದ ತಟ್ಟೆಯೊಂದನ್ನು ಎತ್ತಿ ತೋರಿಸಿದರು. ತೆಳುವಾದ ಬೂದುಬಣ್ಣದ ಬೆಳೆಯ ನಡುವೆ, ಒಂದೊಂದು ಔಷಧದಲ್ಲಿ ಅದ್ದಿದ 6 ಮಿಲಿಮೀಟರ್ ಅಗಲದ ಬಿಳಿ ಕಾಗದದ ಬಿಲ್ಲೆಗಳು. ಕೆಲವು ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಸ್ವಚ್ಛವಾದ ವೃತ್ತ ಮೂಡಿತ್ತು. ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯ ಸುತ್ತ ಮಾತ್ರ ಅಂಚಿನವರೆಗೂ ಬೆಳೆ ಬಂದು ತಾಗಿತ್ತು. ಹಿಂದೆ ಎರಡು ಬಾರಿ ಅತ್ತೆಯವರು ನುಂಗಿದ್ದು ಅದೇ ಮಾತ್ರೆಯನ್ನು.

ಈ ಬ್ಯಾಕ್ಟೀರಿಯಾ ಹೊರಗಿನಿಂದ ಬಂದದ್ದಾಗಿರಬೇಕೆಂದೇನೂ ಇಲ್ಲ. ನಮ್ಮ ಕರುಳಿನಲ್ಲಿ ತೊಂದರೆ ಕೊಡದೆ ಬದುಕುವ ಇ. ಕೋಲೈ ಮೂತ್ರನಾಳವನ್ನು ಹೊಕ್ಕಾಗ ಸೋಂಕಾಗುತ್ತದೆ, ಹೆಂಗಸರಲ್ಲಿ ಆ ನಾಳ ಗಿಡ್ಡವಾಗಿರುವುದರಿಂದ ಅದು ಸುಲಭವೂ ಹೌದು. ಆಂಟಿಬಯೋಟಿಕ್ ತೆಗೆದುಕೊಂಡಾಗಲೆಲ್ಲ ಕರುಳಿನಲ್ಲಿ ಔಷಧಕ್ಕೆ ಬಗ್ಗುವಂಥವು ಸತ್ತು, ಬಗ್ಗದವು ಉಳಿದು ಆ ಜಾಗವನ್ನೆಲ್ಲ ಆಕ್ರಮಿಸುತ್ತವೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕುಗಳ ಮೂಲಕ ಆ ನಿರೋಧ ಗುಣವನ್ನು ನೆರೆಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಮುಂದಿನ ಸೋಂಕು ಶುರುವಾಗುವುದು ಹೀಗೆ ಉಳಿದವುಗಳಿಂದಲೇ ಆಗಿರಬಹುದು.

ವರದಿಯ ವಿಷಯದಲ್ಲಿ ಈ ಲ್ಯಾಬಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮೊದಲು ಮಾಡಿಸಿದ್ದ ಬೇರೆ ಲ್ಯಾಬಿನ ವರದಿಯಲ್ಲಿ ಮೆರೋಪೆನೆಮ್, ಕೊಲಿಸ್ಟಿನ್‌ನಂಥ ಆಸ್ಪತ್ರೆಯ ಕೊನೆಯ ಅಸ್ತ್ರಗಳೂ ಸೇರಿ ಉದ್ದನೆಯ ಪಟ್ಟಿಯೇ ಇತ್ತು. ಇಲ್ಲಿಯ ವರದಿಯಲ್ಲಿ ನೈಟ್ರೋಫ್ಯೂರಾಂಟಾಯಿನ್, ಫಾಸ್ಫೋಮೈಸಿನ್ ಮೊದಲಾದ, ಮೂತ್ರಕೋಶದ ಸೋಂಕಿಗೆ ಸಾಮಾನ್ಯವಾಗಿ ಬಳಸುವ ಔಷಧಗಳಷ್ಟೇ ಇದ್ದವು. ಉಳಿದವುಗಳ ಫಲಿತಾಂಶವನ್ನು ವೈದ್ಯರು ಕೇಳಿದರೆ ಕೊಡುತ್ತೇವೆಂದು ಕೆಳಗೆ ಬರೆದಿದ್ದರು. ಸರಳ ಔಷಧ ಕೆಲಸ ಮಾಡುವಾಗ ಪ್ರಬಲವಾದದ್ದನ್ನು ಕಣ್ಣಿಗೆ ಬೀಳದಂತೆ ಇಡುವ ಈ ಪದ್ಧತಿಯನ್ನು ಲ್ಯಾಬುಗಳಿಗೆ ಶಿಫಾರಸು ಮಾಡಲಾಗಿದೆ, ಪಾಲಿಸುವವರು ಕಡಿಮೆ. ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಎಂಬ ಅಂಕಣದಲ್ಲಿರುವ ಸಂಖ್ಯೆಗಳ ಬಗ್ಗೆಯೂ ಒಂದು ಟಿಪ್ಪಣಿಯಿತ್ತು: ಅತಿ ಚಿಕ್ಕ ಸಂಖ್ಯೆಯ ಔಷಧವೇ ಅತ್ಯುತ್ತಮವೆಂದು ತಿಳಿಯಬಾರದು, ಏಕೆಂದರೆ ಪ್ರತಿಯೊಂದು ಔಷಧಕ್ಕೂ ಅಳತೆಗೋಲು ಬೇರೆ.

ಇಷ್ಟು ಎಚ್ಚರದಿಂದ ತಯಾರಿಸಿದ ವರದಿಯನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ ಮೇಲೆ, ಫೋನ್ ಮಾಡಿ ವಿಚಾರಿಸಿದರೆ ಕೌಂಟರಿನ ಹುಡುಗ, “ಆರ್ ಅಂತ ಇರೋದು ಬಿಟ್ಟು ಯಾವ್ದು ಬೇಕಾದ್ರೂ ತಗೋಬಹುದು ಸಾರ್” ಎಂದುಬಿಟ್ಟ! ಆರ್ ಎಂದರೆ ರೆಸಿಸ್ಟೆಂಟ್, ಅಂದರೆ ಬ್ಯಾಕ್ಟೀರಿಯಾ ಬಗ್ಗದ ಔಷಧ. ಮೂತ್ರಪಿಂಡ ದುರ್ಬಲವಾಗಿದ್ದರೆ ನೈಟ್ರೋಫ್ಯೂರಾಂಟಾಯಿನ್ ಹೊಂದುವುದಿಲ್ಲ, ಸೋಂಕು ಮೂತ್ರಪಿಂಡಕ್ಕೇರಿದ್ದರೆ ಅದು ಸಾಲುವುದಿಲ್ಲ. ಇದನ್ನೆಲ್ಲ ನೋಡಬೇಕಾದವರು ವೈದ್ಯರು. ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರಬಾರದೆಂಬ ನಿಯಮವಿದೆ, 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಗಳನ್ನು ಕೊಂಡವರ ಹೆಸರನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಹಾಗಿದ್ದೂ ಮೆಡಿಕಲ್ ಶಾಪಿನಲ್ಲಿ ಲ್ಯಾಬ್ ವರದಿಯನ್ನೇ ಚೀಟಿಯಂತೆ ತೋರಿಸಿ ಮಾತ್ರೆ ಕೊಳ್ಳುವವರನ್ನು ನಾನು ಕಂಡಿದ್ದೇನೆ. ಲ್ಯಾಬಿನವರು ಫೋನ್ ಎತ್ತುವವರಿಗೂ ಒಂದಿಷ್ಟು ತರಬೇತಿ ಕೊಡುವುದು ಒಳ್ಳೆಯದು.

ಉರಿ, ಜ್ವರ ಏನೂ ಇಲ್ಲದೆ ಸುಮ್ಮನೆ ನೋಡೋಣವೆಂದು ಈ ಪರೀಕ್ಷೆ ಮಾಡಿಸಬೇಡಿ. ವಯಸ್ಸಾದವರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಂಥ ಕೆಲವರನ್ನು ಬಿಟ್ಟರೆ ಅದಕ್ಕೆ ಔಷಧ ಬೇಕಾಗುವುದಿಲ್ಲ. ವೈದ್ಯರು ಬರೆದುಕೊಟ್ಟಿದ್ದರೆ ಬೆಳಿಗ್ಗೆಯೇ ಖುದ್ದಾಗಿ ಹೋಗಿ, ಮೊದಲ ಮಾತ್ರೆ ನುಂಗುವ ಮುಂಚೆ ಸ್ಯಾಂಪಲ್ ಕೊಡಿ. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟವನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೆಂದರೆ ಅದು ಮೈಕ್ರೋಬಯಾಲಜಿ ವಿಭಾಗಕ್ಕೂ ಇದೆಯೇ ಎಂದು ಕೇಳಿ, ಏಕೆಂದರೆ ಮಾನ್ಯತೆಯನ್ನು ಪರೀಕ್ಷೆಗಳ ಪಟ್ಟಿಯ ಪ್ರಕಾರ ಕೊಡುತ್ತಾರೆ. ನಾವು ಹೋಗುವ ಲ್ಯಾಬಿನ ಬಳಿ ವಾಹನ ನಿಲ್ಲಿಸಲು ಜಾಗವಿಲ್ಲ, ಆಟೋದಲ್ಲಿ ಹೋಗುವುದೇ ಮೇಲು. ಭಾನುವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕುತ್ತಾರೆ.