ಸಾಧಾರಣ ಅಂಕ ಬಂದವರ ಮನೆಗೆ ಮೊದಲು ಬರುವ ಫೋನು

ನಾನು ಬೆಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಬಿಲ್ಲಿಲ್ಲದ ವೋಚರ್ ಕಂಡರೆ ವಾಪಸ್ ಕಳಿಸುವುದೇ ನನ್ನ ದಿನದ ಕೆಲಸ. ಅಂಥವಳು 2024ರ ಮೇ ತಿಂಗಳಲ್ಲಿ ಒಂದು ಲಕ್ಷ ರೂಪಾಯಿ ನಗದನ್ನು ರಸೀದಿಯಿಲ್ಲದೆ ಕೊಟ್ಟು, ಮೇಲೊಂದು ಥ್ಯಾಂಕ್ಸ್ ಹೇಳಿ ಬಂದೆ. ತಮ್ಮನಿಗೆ ಕಾಲೇಜು ಹುಡುಕಿದ ಕತೆ ಇದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ನಮ್ಮೂರಲ್ಲೇ ಇನ್ನೂ ಎರಡು ಮನೆಯವರು ಅದೇ ಜಾಗಕ್ಕೆ ಹೋಗಿಬಂದರು ಅಂತ ಗೊತ್ತಾದ ಮೇಲೆ ಬರೆಯಲೇಬೇಕು ಅನ್ನಿಸಿತು.

ನಮ್ಮದು ತಿಪಟೂರು ತಾಲ್ಲೂಕು. ಅಪ್ಪನಿಗೆ ತೆಂಗಿನ ತೋಟ. ತಮ್ಮ ಸೈನ್ಸ್ ತಗೊಂಡಿದ್ದ. ಆ ವರ್ಷ ಏಪ್ರಿಲ್‌ನಲ್ಲಿ ದ್ವಿತೀಯ ಪಿಯು ರಿಸಲ್ಟ್ ಬಂದಾಗ 54 ಪರ್ಸೆಂಟ್. ಫೇಲಾಗಿದ್ದರೆ ಅಳಬಹುದಿತ್ತು, 90 ಬಂದಿದ್ದರೆ ಊರಿಗೆಲ್ಲ ಸ್ವೀಟ್ ಹಂಚಬಹುದಿತ್ತು. 54 ಬಂದಾಗ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಮ್ಮ ಎರಡು ದಿನ ಯಾರ ಮನೆಗೂ ಹೋಗಲಿಲ್ಲ. ಅಪ್ಪ ಮಾತ್ರ, 'ಪಾಸಾಗವ್ನಲ್ಲ ಬಿಡ್ರವ್ವಾ' ಅಂದು ತೋಟಕ್ಕೆ ಹೋದರು.

ರಿಸಲ್ಟ್ ಬಂದ ಮೂರನೇ ದಿನ ಫೋನು ಬಂತು. ಹೆಣ್ಣು ದನಿ, ತುಂಬಾ ಮೆದು. ತಮ್ಮನ ಹೆಸರು, ಓದಿದ ಕಾಲೇಜು, ಎಲ್ಲ ಅವಳಿಗೆ ಗೊತ್ತಿತ್ತು. ನಂಬರ್ ಎಲ್ಲಿಂದ ಸಿಕ್ಕಿತು ಎಂದು ಆಗ ಕೇಳಬೇಕು ಅಂತಲೂ ಹೊಳೆಯಲಿಲ್ಲ. 'ಅಕ್ಕಾ, ಟಾಪರ್‌ಗಳಿಗೆ ಎಲ್ಲರೂ ಇದ್ದಾರೆ. ಆವರೇಜ್ ಸ್ಟೂಡೆಂಟ್ಸ್‌ಗೆ ಅಂತಲೇ ನಾವಿರೋದು. ಗೈಡೆನ್ಸ್ ಫ್ರೀ' ಅಂದಳು. ಮೂರು ದಿನದಿಂದ ಮನೆಯಲ್ಲಿ ಯಾರೂ ಅಷ್ಟು ಮರ್ಯಾದೆಯಿಂದ ಆ ಹುಡುಗನ ಬಗ್ಗೆ ಮಾತಾಡಿರಲಿಲ್ಲ. ನಾವು ಬಿದ್ದದ್ದು ಅಲ್ಲೇ.

ಫ್ರೀ ಅಂದರೆ ನಮ್ಮಿಂದ ತಗೊಳ್ಳುವುದಿಲ್ಲ ಅಂತಷ್ಟೇ. ಸೀಟು ತುಂಬಿಸಿಕೊಟ್ಟದ್ದಕ್ಕೆ ಕಾಲೇಜು ಅವರಿಗೆ ತಲೆಗಿಷ್ಟು ಅಂತ ಕೊಡುತ್ತದೆ. ಹಾಗಾಗಿ ಅವರು ತೋರಿಸುವ ಪಟ್ಟಿಯಲ್ಲಿ ಕಮಿಷನ್ ಕೊಡುವ ಕಾಲೇಜು ಮಾತ್ರ ಇರುತ್ತದೆ. ಸರ್ಕಾರಿ ಕಾಲೇಜು ಯಾರಿಗೂ ಕಮಿಷನ್ ಕೊಡುವುದಿಲ್ಲ, ಆದ್ದರಿಂದ ಆ ಪಟ್ಟಿಯಲ್ಲಿ ಅದು ಹುಟ್ಟಿಯೇ ಇರುವುದಿಲ್ಲ.

ಆ ಅಡ್ಮಿಷನ್ ಕನ್ಸಲ್ಟೆನ್ಸಿಯದು ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಆಫೀಸು. ಎಸಿ, ಗೋಡೆ ತುಂಬ ಟೈ ಕಟ್ಟಿದ ಹುಡುಗರ ಫೋಟೋ. 'ಸಿಇಟಿ ಬರೀತಾನೆ, ರ‍್ಯಾಂಕ್ ನೋಡಿ ಆಮೇಲೆ ಬರ್ತೀವಿ' ಅಂದೆ. ಆಕೆ ನಕ್ಕು, '54ಕ್ಕೆ ಸಿಇಟಿಯಲ್ಲಿ ಏನು ಸಿಗುತ್ತೆ ಅಕ್ಕಾ? ಅಷ್ಟೊತ್ತಿಗೆ ಇದೂ ಇರಲ್ಲ' ಅಂದಳು. ಇದು ಶುದ್ಧ ಸುಳ್ಳು. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ಮೂಲಕ ಎಂಜಿನಿಯರಿಂಗ್ ಸೇರಲು ಸಾಮಾನ್ಯ ವರ್ಗದವರಿಗೆ ಬೇಕಾದ್ದು ಆಯ್ದ ವಿಷಯಗಳಲ್ಲಿ 45 ಪರ್ಸೆಂಟ್, ಮೀಸಲಾತಿ ಇರುವವರಿಗೆ 40. ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯು ಅಂಕ. ರ‍್ಯಾಂಕು ಲಕ್ಷ ದಾಟಿದರೆ ಹೆಸರಾಂತ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಲಿಕ್ಕಿಲ್ಲ, ಅದು ನಿಜ. ಆದರೆ ಸಿವಿಲ್, ಮೆಕ್ಯಾನಿಕಲ್‌ನಂಥ ವಿಭಾಗಗಳಲ್ಲಿ ಪ್ರತಿವರ್ಷ ಸೀಟು ತುಂಬದೆ ಉಳಿಯುತ್ತದೆ. ಇನ್ನೊಂದು ವಿಷಯ. 2024ರಲ್ಲಿ ಪಿಯುಗೆ ಮೂರು ಪರೀಕ್ಷೆ ಇದ್ದವು, ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ನಮ್ಮದು. ತಮ್ಮ ಪರೀಕ್ಷೆ-2ಕ್ಕೆ ಕಟ್ಟುತ್ತೀನಿ ಅಂದಿದ್ದ. 'ಯಾಕೆ ಸುಮ್ನೆ ಸ್ಟ್ರೆಸ್, ಇಲ್ಲಿ ಪಾಸಾಗಿದ್ರೆ ಸಾಕು' ಅಂದಳು ಆಕೆ. ಅವನೂ ಬಿಟ್ಟ, ನಾನೂ ಸುಮ್ಮನಾದೆ.

ಕೋರ್ಸಿನ ಹೆಸರು ಮೂರು ಸಾಲು ಉದ್ದ ಇತ್ತು. ಶುರುವಿನಲ್ಲಿ ಬಿಸಿಎ, ಆಮೇಲೆ ಕೃತಕ ಬುದ್ಧಿಮತ್ತೆ, ಕ್ಲೌಡು, ಡೇಟಾ, ಕೊನೆಗೆ ಒಂದು ದೊಡ್ಡ ಕಂಪನಿಯ ಹೆಸರು. ಬ್ರೋಷರ್ ಮೇಲೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ 'ಎ' ಗ್ರೇಡು. ಆ ಗ್ರೇಡು ಅದೇ ಟ್ರಸ್ಟಿನ ಬೇರೊಂದು ಕಾಲೇಜಿನದು ಅಂತ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ. ನ್ಯಾಕ್ ಗ್ರೇಡು ಕೊಡುವುದು ಸಂಸ್ಥೆಗೆ, ಟ್ರಸ್ಟಿಗಲ್ಲ. ಅಣ್ಣ ರ‍್ಯಾಂಕ್ ತೆಗೆದದ್ದನ್ನು ತಮ್ಮನ ಮಾರ್ಕ್ಸ್ ಕಾರ್ಡಿಗೆ ಅಂಟಿಸಿದ ಹಾಗೆ.

'ಸೀಟ್ ಬ್ಲಾಕ್ ಮಾಡೋಕೆ' 1,35,000 ಕೇಳಿದರು. ಅಪ್ಪ ನಾಫೆಡ್ ಕೇಂದ್ರಕ್ಕೆ ಕೊಬ್ಬರಿ ಕೊಟ್ಟಿದ್ದರು. ಆ ಸಲ ಕ್ವಿಂಟಾಲ್‌ಗೆ 12,000 ಬೆಂಬಲ ಬೆಲೆ, ಅದರ ಮೇಲೆ ರಾಜ್ಯದ 1,500 ಪ್ರೋತ್ಸಾಹಧನ. ಹತ್ತು ಕ್ವಿಂಟಾಲ್ ಕೊಬ್ಬರಿ ಅಂದರೆ ಸರಿಯಾಗಿ 1,35,000! ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಕ್ಯೂನಲ್ಲಿ ನಿಂತು ಕೊಟ್ಟ ಹತ್ತು ಕ್ವಿಂಟಾಲ್. ಇದರಲ್ಲಿ 35,000ಕ್ಕೆ ಮಾತ್ರ ರಸೀದಿ ಬಂತು. ಉಳಿದ ಲಕ್ಷ ನಗದು. 'ಡೆವಲಪ್‌ಮೆಂಟ್ ಫೀಸ್ ಅಕ್ಕಾ, ಅದಕ್ಕೆ ರಸೀದಿ ಇರಲ್ಲ, ಎಲ್ಲಾ ಕಡೆ ಹೀಗೇ.' ಸೀಟಿಗಾಗಿ ಹೀಗೆ ನಿಗದಿಗಿಂತ ಹೆಚ್ಚು ದುಡ್ಡು ಕೀಳುವುದಕ್ಕೆ ಕ್ಯಾಪಿಟೇಶನ್ ಶುಲ್ಕ ಅನ್ನುತ್ತಾರೆ. ಕರ್ನಾಟಕದಲ್ಲಿ ಅದರ ನಿಷೇಧ ಕಾಯ್ದೆ ಬಂದದ್ದು 1984ರಲ್ಲಿ, ನಾನು ಹುಟ್ಟುವುದಕ್ಕೂ ಮುಂಚೆ. ರಸೀದಿ ಯಾಕೆ ಇರಲ್ಲ ಅಂತ ಬೇರೆ ಯಾರಿಗಲ್ಲದಿದ್ದರೂ ನನಗೆ ಅರ್ಥವಾಗಬೇಕಿತ್ತು.

ಆದರೂ ದುಡ್ಡಿನದು ಆಮೇಲಿನ ಮಾತು. ನಾನು ಮಾಡಿದ ದೊಡ್ಡ ತಪ್ಪು ಒರಿಜಿನಲ್‌ಗಳನ್ನು ಕೊಟ್ಟದ್ದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಿಯು ಮಾರ್ಕ್ಸ್ ಕಾರ್ಡು, ಟಿಸಿ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ನೀಟಾಗಿ ಜೋಡಿಸಿ ನಾನೇ ಕೈಯಾರೆ ಕೊಟ್ಟೆ. 'ವೆರಿಫಿಕೇಶನ್‌ಗೆ, ಒಂದು ವಾರ' ಅಂದರು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ: ಅಡ್ಮಿಷನ್ ಸಮಯದಲ್ಲಿ ಒರಿಜಿನಲ್ ನೋಡಿ, ತಾಳೆ ಹಾಕಿ, ಅಲ್ಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ತಾಂತ್ರಿಕ ಕೋರ್ಸುಗಳಿಗೆ ಅನುಮೋದನೆ ಕೊಡುವ ಎಐಸಿಟಿಇ ಕೂಡ ಇದನ್ನೇ ಹೇಳುತ್ತದೆ. ನಾನು ಇದನ್ನು ಓದಿದ್ದು ಫೈಲು ಅವರ ಬೀರು ಸೇರಿದ ಮೇಲೆ.

ಆಗಸ್ಟ್‌ನಲ್ಲಿ ಕ್ಲಾಸು ಶುರುವಾಯಿತು. ಊರ ಹೊರಗೆ, ರಿಂಗ್ ರೋಡ್ ದಾಟಿ, ಕೆಳಗೆ ಬೈಕ್ ಶೋರೂಮ್ ಇದ್ದ ಕಟ್ಟಡ. ಎರಡನೇ ವಾರ ರಾತ್ರಿ ತಮ್ಮ ಫೋನ್ ಮಾಡಿದ. ಹಾಸ್ಟೆಲಿನ ಸೀನಿಯರ್ ಒಬ್ಬನ ಮಾರ್ಕ್ಸ್ ಕಾರ್ಡ್ ನೋಡಿದ್ದನಂತೆ. 'ಅಕ್ಕಾ, ಅದರ ಮೇಲೆ ಈ ಕಾಲೇಜಿನ ಹೆಸರೇ ಇಲ್ಲ. ಯಾವುದೋ ಬೇರೆ ರಾಜ್ಯದ ಯೂನಿವರ್ಸಿಟಿ ಹೆಸರಿದೆ.'

ಆ ರಾತ್ರಿ ಕೂತು ಮಾಡಿದ ಕೆಲಸವನ್ನು ಮೇ ತಿಂಗಳಲ್ಲಿ ಮಾಡಿದ್ದರೆ ಅರ್ಧ ಗಂಟೆ ಸಾಕಾಗುತ್ತಿತ್ತು. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ಬೇರೆ ಕಾಲೇಜುಗಳಿಗೆ ಸಂಯೋಜನೆ (ಅಫಿಲಿಯೇಶನ್) ಕೊಡುವಂತಿಲ್ಲ, ಇನ್ನೊಂದು ರಾಜ್ಯದಲ್ಲಿ 'ಸ್ಟಡಿ ಸೆಂಟರ್' ಅಂತ ಅಂಗಡಿ ತೆರೆಯುವಂತಿಲ್ಲ. ಬಿಸಿಎ, ಬಿಬಿಎ ಕೋರ್ಸುಗಳು 2024-25ರಿಂದ ಎಐಸಿಟಿಇ ಅನುಮೋದನೆಯ ಅಡಿಗೆ ಬಂದಿವೆ. ಅದರ ವೆಬ್‌ಸೈಟಿನಲ್ಲಿ ರಾಜ್ಯ ಆಯ್ಕೆ ಮಾಡಿ ಕಾಲೇಜಿನ ಹೆಸರು ಹುಡುಕಬಹುದು. ನಾನು ಹೆಸರಿನ ಕಾಗುಣಿತ ನಾಲ್ಕು ಥರ ಬದಲಿಸಿ ಹುಡುಕಿದೆ. ಎಲ್ಲೂ ಇರಲಿಲ್ಲ. ಬಿಇ ಆದರೆ ಬೆಳಗಾವಿಯ ವಿಟಿಯು ಸಂಯೋಜಿತ ಕಾಲೇಜುಗಳ ಪಟ್ಟಿಯನ್ನೂ ನೋಡಬೇಕು. ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್ ಪಟ್ಟಿ. ನಮ್ಮ ಅತ್ತೆಯ ಮಗಳ ಕತೆ ಅದೇ, ಅದನ್ನು ಬರೆಯಲು ಕೂತರೆ ಇನ್ನೊಂದು ಬರಹವಾಗುತ್ತದೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: 'ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತೆ? ಬರೆದುಕೊಡಿ.' ಬಾಯಲ್ಲಿ ಹೇಳುತ್ತಾರೆ. ಬರೆದುಕೊಡುವುದಿಲ್ಲ.

ಕೆಳಗಿನ ಸಂಗತಿಯನ್ನು ತಮ್ಮ ನನಗೆ ಹೇಳಿಯೇ ಇರಲಿಲ್ಲ. ಸಿಇಟಿಯಲ್ಲಿ ಅವನಿಗೆ ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು ರ‍್ಯಾಂಕು ಬಂದಿತ್ತು. ಊರಿಗೆ ಹೋದಾಗ ಸೈಬರ್ ಸೆಂಟರಿನಲ್ಲಿ ಕೂತು ಸುಮ್ಮನೆ ಆಪ್ಷನ್ ಎಂಟ್ರಿ ಮಾಡಿಬಂದಿದ್ದ. ಸೀಟು ಹಂಚಿಕೆಯಲ್ಲಿ ಹಾಸನದ ಕಡೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸಿಕ್ಕಿತು. ಅವನಿಗೆ ನಿಜವಾಗಿ ಬೇಕಿದ್ದದ್ದೂ ಅದೇ. ಎಂಟನೇ ಕ್ಲಾಸಿನಿಂದಲೂ ನಮ್ಮ ಬೋರ್‌ವೆಲ್ಲಿನ ಸ್ಟಾರ್ಟರ್ ಕೆಟ್ಟರೆ ರಿಪೇರಿ ಅವನದೇ. ಕಂಪ್ಯೂಟರ್ ಬೇಕು ಅಂತ ಅವನು ಒಂದು ದಿನವೂ ಅಂದವನಲ್ಲ. ಅಂದದ್ದು ನಾನು.

ಫೀಸು ಕಟ್ಟಿ ಒರಿಜಿನಲ್ ಹಿಡಿದು ಆ ಕಾಲೇಜಿಗೆ ಹಾಜರಾಗಲು ಇದ್ದದ್ದು ಕೆಲವೇ ದಿನ. ಫೈಲು ಕೇಳಲು ಬಿಸಿಎ ಕಾಲೇಜಿಗೆ ಮೂರು ಸಲ ಹೋದೆ. ಮೊದಲ ಸಲ ಪ್ರಿನ್ಸಿಪಾಲರು ಊರಲ್ಲಿಲ್ಲ. ಎರಡನೇ ಸಲ ಬೀರುವಿನ ಕೀ ಇಲ್ಲ. ಮೂರನೇ ಸಲ ಅಪ್ಪನೂ ಬಂದಿದ್ದರು. ಕುರ್ಚಿಯಲ್ಲಿದ್ದವನು ಅಪ್ಪನ ಪಂಚೆ ನೋಡಿ, 'ಉಳಿದ ಎರಡೂವರೆ ವರ್ಷದ ಫೀಸ್ ಕಟ್ಟಿ ತಗೊಂಡು ಹೋಗಿ ಯಜಮಾನ್ರೇ' ಅಂದ. ಅಪ್ಪ ಎದ್ದು ಹೊರಗೆ ಹೋಗಿ ಬೈಕ್ ಶೋರೂಮ್ ಮುಂದೆ ನಿಂತರು. ವಾಪಸ್ ಬರುವಾಗ ಬಸ್ಸಿನಲ್ಲಿ ತುಮಕೂರು ದಾಟುವವರೆಗೂ ಮಾತಾಡಲಿಲ್ಲ. ಹಾಜರಾಗುವ ಗಡುವು ಅದೇ ವಾರ ಮುಗಿಯಿತು.

ಪರಿಚಯದ ವಕೀಲರೊಬ್ಬರು ನೋಟಿಸ್ ಕಳಿಸಿದರು. ಕಾಗದಗಳು ಅಕ್ಟೋಬರ್ ಕೊನೆಗೆ ಕೈಗೆ ಬಂದವು, ಟಿಸಿಯ ಒಂದು ಮೂಲೆ ಹರಿದಿತ್ತು. ರಸೀದಿ ಇದ್ದ 35,000ದಲ್ಲಿ 20,000 ಚೆಕ್ಕು ಕೊಟ್ಟರು. ನಗದು ಲಕ್ಷದ ಬಗ್ಗೆ ವಕೀಲರು ನನ್ನ ಮುಖ ನೋಡಿ, 'ಏನಂತ ಬರೀಲಮ್ಮಾ ನೋಟಿಸಲ್ಲಿ?' ಎಂದರು. ಆಡಿಟರ್ ಆಫೀಸಿನವಳಿಗೆ ಅದಕ್ಕಿಂತ ಬೇರೆ ಪೆಟ್ಟು ಬೇಕಿರಲಿಲ್ಲ.

ಫೀಸ್ ವಾಪಸಾತಿಗೆ ನಿಯಮ ಚೆನ್ನಾಗಿಯೇ ಇದೆ. 2024-25ಕ್ಕೆ ಸೆಪ್ಟೆಂಬರ್ 30ರೊಳಗೆ ಅಡ್ಮಿಷನ್ ರದ್ದು ಮಾಡಿದರೆ ಪೂರ್ತಿ ಫೀಸು ಹಿಂತಿರುಗಿಸಬೇಕು, ಅಕ್ಟೋಬರ್ 31ರೊಳಗಾದರೆ ಸಾವಿರಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ ಎಂದು ಯುಜಿಸಿ ಹೇಳಿತ್ತು. ದೂರು ಕೊಡಲು ಇ-ಸಮಾಧಾನ್ ಎಂಬ ಪೋರ್ಟಲ್ ಇದೆ. ಹೆಸರಿರುವ, ಅನುಮೋದನೆ ಇರುವ ಕಾಲೇಜಿಗೆ ಸೇರಿ ಮನಸ್ಸು ಬದಲಾದವರು ಇದನ್ನು ಖಂಡಿತ ಬಳಸಿ, ರಸೀದಿ ಮೇಲೆ 'ಮರುಪಾವತಿ ಇಲ್ಲ' ಎಂದು ಸೀಲು ಹೊಡೆದಿದ್ದರೂ ಹೆದರಬೇಡಿ. ಆದರೆ ನಮ್ಮವರು ಯಾವ ಪಟ್ಟಿಯಲ್ಲೂ ಇಲ್ಲದವರು. ಅನುಮೋದನೆ ಇದ್ದರೆ ತಾನೇ ಅದನ್ನು ಕಳೆದುಕೊಳ್ಳುವ ಭಯ!

ಕನ್ಸಲ್ಟೆನ್ಸಿ ಆಫೀಸು ಹುಡುಕಿಕೊಂಡು ಹೋದಾಗ ಅಲ್ಲಿ ಮೊಬೈಲ್ ಕವರ್ ಹೋಲ್‌ಸೇಲ್ ಅಂಗಡಿ ಇತ್ತು. ಟೈ ಹುಡುಗರ ಫೋಟೋ ಒಂದು ಇನ್ನೂ ಗೋಡೆ ಮೇಲೇ ಇತ್ತು, ಅದರ ಮೇಲೆ ಬೆಲೆಪಟ್ಟಿ ಅಂಟಿಸಿದ್ದರು.

ಒಂದು ವರ್ಷ ತಮ್ಮ ತೋಟದಲ್ಲಿದ್ದ. ಪಿಯು ಸೈನ್ಸ್ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು ಅಂತ ನಮಗೆ ಹೇಳಿದ್ದು ಯಾವ ಕೌನ್ಸೆಲರೂ ಅಲ್ಲ, ಮೋಟಾರ್ ವೈಂಡಿಂಗ್ ಮಾಡುವ ಅಣ್ಣ. ಅವರ ಮಗ ಹಾಗೇ ಸೇರಿ, ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗಾಗಿ ಇರುವ ಡಿಸಿಇಟಿ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಿದ್ದಾನಂತೆ. 2025ರಲ್ಲಿ ತಮ್ಮ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಸೇರಿದ. ವರ್ಷದ ಫೀಸು ನಾವು ವಿಜಯನಗರಕ್ಕೆ ಓಡಾಡಿದ ಖರ್ಚಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒರಿಜಿನಲ್ ನೋಡಿ ಅಲ್ಲೇ ವಾಪಸ್ ಕೊಟ್ಟರು. ಅಪ್ಪ ಆ ಫೈಲನ್ನು ಇಡೀ ದಾರಿ ಮಡಿಲಲ್ಲೇ ಇಟ್ಟುಕೊಂಡು ಬಂದರು.

ಮೊನ್ನೆ ಪಿಯು ರಿಸಲ್ಟ್ ಬಂದ ವಾರ ಒಂದು ಹೊಸ ನಂಬರಿನಿಂದ ಫೋನು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು, ಅದೇ ಮೆದು ದನಿ. ಅವಳಿಗೆ ನನ್ನ ಗುರುತು ಸಿಗಲಿಲ್ಲ.

'ಅಕ್ಕಾ, ನಿಮ್ಮ ಮನೆಯಲ್ಲಿ ಈ ಸಲ ಸೆಕೆಂಡ್ ಪಿಯು ಮುಗಿಸಿರೋ ಮಕ್ಕಳಿದ್ದಾರಾ?'

'ಆಫೀಸು ಎಲ್ಲಿ?' ಅಂದೆ.

'ರಾಜಾಜಿನಗರ ಅಕ್ಕಾ. ಗೈಡೆನ್ಸ್ ಫ್ರೀ.'